ಮರದೊಳಗಿನ ಬಯಲು: ಏಳು ದಶಕಗಳ ಸಿಂಹಾವಲೋಕನ

1956ರ ನವೆಂಬರ್ 1ರಂದು ಕಲಬುರಗಿ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಕನ್ನಡ ನಾಡಿನ ಮಡಿಲು ಸೇರಿತು. ಅಲ್ಲಿಂದ ಇಲ್ಲಿಯವರೆಗಿನ ಏಳು ದಶಕಗಳಲ್ಲಿ ಈ ಊರು ಚಿತ್ರಕಲೆಯಲ್ಲಿ ಗಳಿಸಿದ ಹೆಸರು ಸಣ್ಣದೇನಲ್ಲ. ಬರಗಾಲ, ಬಿಸಿಲು, ಹಿಂದುಳಿದ ಜಿಲ್ಲೆ ಎಂಬ ಹಣೆಪಟ್ಟಿ ಇವೆಲ್ಲವನ್ನೂ ಹೊತ್ತುಕೊಂಡೇ ಇಲ್ಲಿ ಕಲಾಶಾಲೆಗಳು ಎದ್ದವು, ಪ್ರದರ್ಶನಗಳು ನಡೆದವು, ತಲೆಮಾರುಗಳು ಕುಂಚ ಹಿಡಿದವು. ಅದು ಹೆಮ್ಮೆಯ ಮಾತು. ಆದರೆ ಲೆಕ್ಕಕ್ಕೆ ಕೂತವರು ಜಮಾ ಬದಿಯನ್ನಷ್ಟೇ ಓದಿ ಎದ್ದುಬಿಟ್ಟರೆ ಅದು ಲೆಕ್ಕವಾಗುವುದಿಲ್ಲ. ಈ ನೆಲದಿಂದ ಬರಬೇಕಾಗಿದ್ದೂ ಬರದೆ ಉಳಿದದ್ದು ಯಾವುದು ಎಂದು ಕೇಳಿಕೊಂಡರೆ ನಮಗೆ ಕಾಣುವ ಮೊದಲ ಉತ್ತರ ಅಮೂರ್ತ ಮರಶಿಲ್ಪ: ದೇವರ ಮೂರ್ತಿಯೂ ಅಲ್ಲದ, ಆನೆ ಕುದುರೆಯೂ ಅಲ್ಲದ, ಒಂದು ವಿಚಾರವನ್ನೇ ಮರದಲ್ಲಿ ಕಡೆದು ನಿಲ್ಲಿಸುವ ಕಲೆ.

ಯಾಕೆ ಬರಬೇಕಾಗಿತ್ತು ಎನ್ನುವುದಕ್ಕಿಂತ ಮೊದಲು ಯಾಕೆ ಬರಲಿಲ್ಲ ಎಂಬುದನ್ನು ನೋಡೋಣ. ಅದರ ಒಂದು ಕಾರಣ ಕಲಬುರಗಿಯ ಸ್ಟೇಶನ್ ಬಜಾರದಲ್ಲೇ ಇದೆ.

ಮುಂಬೈ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ಕಲಬುರಗಿಯ ಹುಡುಗರಿಗೆ ದೊಡ್ಡ ಊರೆಂದರೆ ಬೆಂಗಳೂರಲ್ಲ, ಮುಂಬೈ. ಕಲಿಯಬೇಕೆನ್ನುವವನು ಇದೇ ಸ್ಟೇಶನ್ನಿನಲ್ಲಿ ರೈಲು ಹತ್ತುತ್ತಿದ್ದ. 1916ರಲ್ಲಿ ಇಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮದರಾಸು, ಮುಂಬೈಗಳಲ್ಲಿ ಕಲಿತು, ಮುಂಬೈಯಲ್ಲೇ ಬೆಳೆದು, ಸಿನೆಮಾ ಪೋಸ್ಟರು ಮತ್ತು ಕ್ಯಾಲೆಂಡರ್ ಚಿತ್ರಗಳ ಮೂಲಕ ದೇಶದ ಮನೆಮನೆಯ ಗೋಡೆ ತಲುಪಿದರು. ಅವರ ರಾಧೆ, ಮೇನಕೆ, ಶಿವ ಪಾರ್ವತಿಯರ ಮೈಬಣ್ಣ, ಬೆಳಕು, ಸ್ನಾಯು ಎಲ್ಲವೂ ಮುಟ್ಟಿದರೆ ಬಿಸಿ ತಾಗುವಂತಿದ್ದವು. 1993ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ರಂಗಮಂದಿರದಲ್ಲಿ ಇಂದಿಗೂ ಊರಿನ ದೊಡ್ಡ ಕಾರ್ಯಕ್ರಮಗಳು ನಡೆಯುತ್ತವೆ. ಮುಂದೆ ವಿ.ಜಿ. ಅಂದಾನಿಯವರು ಐಡಿಯಲ್ ಫೈನ್ ಆರ್ಟ್ ಸಂಸ್ಥೆಯನ್ನು ಕಟ್ಟಿದರು, ಜೆ.ಎಸ್. ಖಂಡೇರಾವ್ ಅವರು ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯವನ್ನು ಬೆಳೆಸಿದರು. ಇವರೆಲ್ಲರ ದುಡಿಮೆ ಇಲ್ಲದಿದ್ದರೆ ಈ ಭಾಗದಲ್ಲಿ ಕಲೆಯ ಮಾತಾಡಲು ಇಂದು ಜಾಗವೇ ಇರುತ್ತಿರಲಿಲ್ಲ.

ಆದರೆ ರೈಲು ತಂದ ಕಲೆಯ ಜೊತೆಗೆ ಒಂದು ಅಳತೆಗೋಲೂ ಬಂತು. ಇದ್ದದ್ದನ್ನು ಇದ್ದ ಹಾಗೆ ತೋರಿಸಿದವನೇ ಕಲಾವಿದ ಎಂಬ ಅಳತೆ ಅದು. ಭಾವಚಿತ್ರ, ನಿಸರ್ಗಚಿತ್ರ, ಪುರಾಣಚಿತ್ರ ಇವು ನಮ್ಮ ಕಣ್ಣಿಗೆ ಎಷ್ಟು ರೂಢಿಯಾದವೆಂದರೆ, ಶಿಲ್ಪವೆಂದರೂ ನಾವು ಕೇಳುವುದು ಹೋಲಿಕೆಯನ್ನೇ. ನಮ್ಮ ವೃತ್ತಗಳಲ್ಲಿ ನಿಂತಿರುವ ಪ್ರತಿಮೆಗಳನ್ನು ನೋಡಿ: ಮಹಾತ್ಮರ ಮೂಗು, ಮೀಸೆ, ರುಮಾಲು ಸರಿಯಾಗಿದೆಯೇ ಎಂಬುದರ ಮೇಲೆ ನಮ್ಮ ಇಡೀ ಕಲಾವಿಮರ್ಶೆ ನಿಂತಿರುತ್ತದೆ. ಆ ಮಹಾತ್ಮ ಏನು ಯೋಚಿಸಿದ ಎಂಬುದು ಕಂಚಿನೊಳಗೆ ಇಳಿಯಿತೇ ಎಂದು ಯಾರೂ ಕೇಳುವುದಿಲ್ಲ.

ಊರಿನಿಂದ ಇನ್ನೊಂದು ದಾರಿ ಹೊರಡುತ್ತದೆ. ಅದು ರಸ್ತೆ. ಈಶಾನ್ಯಕ್ಕೆ ಕಮಲಾಪುರ, ಅದರ ಕೆಂಪು ಬಾಳೆಯ ತೋಟಗಳು, ಗುಡ್ಡದ ತಿರುವುಗಳು. ಮುಂದೆ ಹುಮನಾಬಾದ್, ಅದರಾಚೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಆಕಾರವಿಲ್ಲದ್ದನ್ನು ಕುರಿತು ಭಾರತದಲ್ಲೇ ಅತ್ಯಂತ ಧೈರ್ಯದ ಮಾತುಗಳು ಹುಟ್ಟಿದ್ದು ಈ ದಾರಿಯ ತುದಿಯಲ್ಲಿ. ಅಲ್ಲಮಪ್ರಭುವಿನ ಬಯಲು, ನಿರಾಕಾರ, ಶೂನ್ಯ ಇವು ವಿದ್ವಾಂಸರ ಪರಿಭಾಷೆಯಾಗಿ ಉಳಿಯಲಿಲ್ಲ. ಒಕ್ಕಲಿಗ, ಅಂಬಿಗ, ನೇಕಾರ, ಮಡಿವಾಳ ತಂತಮ್ಮ ಕಸುಬಿನ ಮೂಲಕವೇ ಅವುಗಳನ್ನು ಯೋಚಿಸಿದರು. ಆ ಗುಂಪಿನಲ್ಲಿ ಬಾಚಿಕಾಯಕದ ಬಸವಯ್ಯ ಎಂಬ ಬಡಗಿಯೂ ಇದ್ದ. ಅವನ ವಚನಗಳ ಅಂಕಿತದಲ್ಲಿ ವಿಶ್ವಕರ್ಮನ ಹೆಸರೂ ಬರುತ್ತದೆ. ಅವನ ಹೆಂಡತಿ ಕಾಳವ್ವೆಯೂ ವಚನಕಾರ್ತಿ. ಮರ ಕೆತ್ತುವ ಮನೆಯೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ತತ್ವ ಚಿಂತನೆ ಮಾಡಿ ಅದನ್ನು ಬರಹಕ್ಕೆ ಇಳಿಸಿದ ಉದಾಹರಣೆ ಜಗತ್ತಿನ ಬೇರೆ ಯಾವ ಕಲಾಚರಿತ್ರೆಯಲ್ಲಿ ಸಿಕ್ಕೀತು? ನಮ್ಮ ಕಲಾಶಾಲೆಗಳ ಪಠ್ಯದಲ್ಲಿ ಮೈಕೆಲೆಂಜೆಲೊ ಇದ್ದಾನೆ, ಇರಲೇಬೇಕು. ಬಸವಯ್ಯನೂ ಕಾಳವ್ವೆಯೂ ಸಾಹಿತ್ಯದ ಕಪಾಟಿನಲ್ಲೇ ಉಳಿದುಬಿಟ್ಟರು.

ಈ ನೆಲಕ್ಕೆ ಅಮೂರ್ತ ಎಂಬುದು ಹೊರಗಿನಿಂದ ಬಂದ ಸರಕಲ್ಲ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಭೀಮಾತೀರದಲ್ಲಿದೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ಮಹಾಸ್ತೂಪ ಹೊರಬಂದಾಗ ನಾಡೆಲ್ಲ ಅಶೋಕನ ಹೆಸರು ಕೆತ್ತಿದ ಶಿಲ್ಪದ ಬಗ್ಗೆಯೇ ಮಾತಾಡಿತು. ಅದರಷ್ಟೇ ದೊಡ್ಡ ಸಂಗತಿ ಅಲ್ಲಿನ ಇತರ ಫಲಕಗಳಲ್ಲಿದೆ. ಬುದ್ಧ ಕೂರಬೇಕಾದಲ್ಲಿ ಬುದ್ಧನ ದೇಹವಿಲ್ಲ. ಒಂದು ಚಕ್ರ, ಒಂದು ಬೋಧಿವೃಕ್ಷ, ಒಂದು ಜೊತೆ ಪಾದಗುರುತು, ಸುತ್ತಲೂ ಕೈಮುಗಿದ ಜನ. ನಿರ್ವಾಣ ಹೊಂದಿದವನನ್ನು ತೋರಿಸುವ ಬಗೆ ಹೇಗೆ ಎಂಬ ತಾತ್ವಿಕ ಪ್ರಶ್ನೆಗೆ ಶಿಲ್ಪಿಗಳು ಕಂಡುಕೊಂಡ ಉತ್ತರ ಅದು: ನಡುವೆ ಖಾಲಿ ಬಿಡುವುದು. ಆ ಕಾಲದ ಸ್ತೂಪಗಳ ಕಲ್ಲಿನ ಬೇಲಿಗಳೂ ಮರಗೆಲಸದಿಂದಲೇ ಬಂದವು. ನಿಂತ ಕಂಬಕ್ಕೆ ತೂತು ಕೊರೆದು ಅಡ್ಡಪಟ್ಟಿ ತೂರಿಸುವ ಕಟ್ಟು ಬಡಗಿಯದು. ಕಲ್ಲುಕುಟಿಗರು ಬಡಗಿಯನ್ನು ನೋಡಿ ಕಲಿತರು. ಮರ ಗೆದ್ದಲಿಗೂ ಮಳೆಗೂ ಹೋಯಿತು, ಕಲ್ಲು ಉಳಿಯಿತು. ಉಳಿದದ್ದನ್ನೇ ನಾವು ಚರಿತ್ರೆ ಎಂದು ಓದುತ್ತಿದ್ದೇವೆ.

ಕಲಬುರಗಿಯ ಕೋಟೆಯೊಳಗಿನ ಜಾಮಿ ಮಸೀದಿಯನ್ನೂ ಇದೇ ಸಾಲಿನಲ್ಲಿ ನೋಡಬೇಕು. 1367ರ ಕಟ್ಟಡ; ತೆರೆದ ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹೊದ್ದ ಅಪರೂಪದ ಮಸೀದಿ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಒಂದೇ ಒಂದು ಆಕೃತಿಯಿಲ್ಲ. ಅನಂತ ಎಂಬುದನ್ನು ಮಾತಿಲ್ಲದೆ, ಚಿತ್ರವಿಲ್ಲದೆ, ಬರೀ ಲಯದಿಂದ ತಿಳಿಸುವ ಸ್ಥಳ ಅದು. ನಿರಾಕಾರದ ಈ ಅರಿವು ಜನರ ನಡೆನುಡಿಯಲ್ಲೂ ಇದೆ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರರನ್ನು ವಿಶ್ವಕರ್ಮರು ತಮ್ಮ ಗುರುವೆಂದು ನಡೆದುಕೊಳ್ಳುತ್ತಾರೆ, ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಕಡಕೋಳ ಮಡಿವಾಳೇಶ್ವರರ ತತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವ ಭಜನಾ ಮೇಳಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಶಾಲೆಯ ಮುಖ ಕಾಣದವರೂ ದೇಹ, ಬಯಲು, ಗುರು, ಅರಿವು ಎಂದು ನಿರಾಯಾಸವಾಗಿ ಮಾತಾಡುವ ಸೀಮೆ ಇದು. ಇಂಥ ಜನರಿಗೆ ಅಮೂರ್ತ ಕಲೆ ಅರ್ಥವಾಗುವುದಿಲ್ಲ ಎನ್ನುವವರು ಜನರನ್ನು ಅರಿತಿಲ್ಲ ಎಂದೇ ನಮ್ಮ ನಂಬಿಕೆ.

ವಿಚಾರದ ಮಾತಾಯಿತು. ಇನ್ನು ಕೈ ಎಲ್ಲಿತ್ತು?

ಕೈ ಇತ್ತು, ಊರೂರಲ್ಲಿ ಇತ್ತು. ಬಡಿಗೇರ ಮನೆಯ ಮುಂದಿನ ಬೇವಿನ ನೆರಳಲ್ಲಿ ಬಾಚಿ, ಉಳಿ, ಕೊಡತಿ, ಗರಗಸ ಹರಡಿಕೊಂಡಿರುತ್ತಿದ್ದವು. ಕೂರಿಗೆಯೊಂದನ್ನು ಹತ್ತಿರದಿಂದ ನೋಡಿದವರಿಗೆ ಆ ಕೈಯ ಬೆಲೆ ಗೊತ್ತು. ಗಟ್ಟಿ ಜಾಲಿಯ ದಿಂಡು. ಅದಕ್ಕೆ ಓರೆಯಾಗಿ ಕೂಡಿಸಿದ ತಾಳುಗಳು. ಮೇಲೆ ಒಂದೇ ತುಂಡಿನಲ್ಲಿ ತೋಡಿದ ಬಟ್ಟಲು. ಬಟ್ಟಲಿನ ತಳದಲ್ಲಿ ತಾಳಿಗೊಂದರಂತೆ ತೂತು, ತೂತಿನಿಂದ ತಾಳಿಗೆ ಬಿದಿರಿನ ಕೊಳವೆ. ಬಿತ್ತುವ ಹೆಣ್ಣುಮಗಳು ಮುಷ್ಟಿಯಿಂದ ಬೀಜ ಬಿಡುತ್ತ ಬಂದರೆ ಅದು ಎಲ್ಲ ಸಾಲಿಗೂ ಸಮನಾಗಿ ಹಂಚಿಹೋಗಬೇಕು. ಬಟ್ಟಲಿನ ಒಳಮೈ ಒಂದು ಕಡೆ ಒಂದಿಷ್ಟು ಓರೆಯಾದರೂ ಒಂದು ಸಾಲು ದಟ್ಟ, ಇನ್ನೊಂದು ತೆಳು. ಹಾಗಾಗಿ ಬಡಗಿ ಕೆತ್ತುತ್ತಿದ್ದದ್ದು ಹೊರಗಿನ ಮರವನ್ನಲ್ಲ, ಒಳಗಿನ ಖಾಲಿಯನ್ನು. ಆ ಬಟ್ಟಲನ್ನು ಕೊಳವೆಯಿಂದ ಬಿಡಿಸಿ ಒಂದು ಬಿಳಿ ಗೋಡೆಯ ಮುಂದೆ ಇಟ್ಟರೆ ಜಗತ್ತಿನ ಯಾವ ಕಲಾಸಂಗ್ರಹಾಲಯದಲ್ಲೂ ಅದು ತಲೆ ಎತ್ತಿ ನಿಲ್ಲುತ್ತದೆ.

ಸುಗ್ಗಿಯಲ್ಲಿ ಬಡಗಿಗೆ ಕಾಳು ಅಳೆದು ಕೊಡುವ ಆಯದ ಪದ್ಧತಿ ಕಳಚಿತು. ಟ್ರ್ಯಾಕ್ಟರ್ ಬಂತು, ಕಬ್ಬಿಣದ ಕೂರಿಗೆ ಬಂತು, ಬಂಡಿಯ ಗಾಲಿಗೆ ರಬ್ಬರ್ ಟೈರು ಬಂತು. ಬಡಗಿಯ ಮಗ ಪಟ್ಟಣಕ್ಕೆ ಬಂದು ಪ್ಲೈವುಡ್ ಕಪಾಟಿಗೆ ಸನ್‌ಮೈಕಾ ಅಂಟಿಸುತ್ತಿದ್ದಾನೆ. ಅದರಲ್ಲಿ ತಪ್ಪೇನಿಲ್ಲ, ಹೊಟ್ಟೆಪಾಡು ಯಾರಿಗೂ ತಪ್ಪಿದ್ದಲ್ಲ. ನೋವಿನ ಮಾತೆಂದರೆ, ಆ ಕೈ ಸೋರಿಹೋಗುತ್ತಿದ್ದ ವರ್ಷಗಳಲ್ಲೇ ಅದೇ ಊರಿನ ಕಲಾಶಾಲೆಗಳು ಬೆಳೆಯುತ್ತಿದ್ದವು, ಆದರೆ ಎರಡೂ ಒಂದನ್ನೊಂದು ಕಣ್ಣೆತ್ತಿ ನೋಡಲಿಲ್ಲ. ಒಂದರದು ಕಲೆ, ಇನ್ನೊಂದರದು ಬರೀ ಕೆಲಸ ಎಂಬ ಗೋಡೆ ನಡುವೆ ನಿಂತಿತ್ತು. ಅದರ ಹಿಂದೆ ಜಾತಿಯೂ ಇತ್ತು ಎಂದು ಹೇಳದೆ ಬಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

ಬೇರೆ ಕಡೆ ಈ ಗೋಡೆ ಬಿದ್ದಾಗ ಏನಾಯಿತು? ರೊಮೇನಿಯಾದ ಹೊಬಿತ್ಸಾ ಎಂಬ ಹಳ್ಳಿಯಲ್ಲಿ 1876ರಲ್ಲಿ ಹುಟ್ಟಿದ ಕಾನ್‌ಸ್ಟಂಟಿನ್ ಬ್ರಾಂಕುಸಿ ಬಡತನದಲ್ಲಿ ಬೆಳೆದು, ಕ್ರಯೋವಾ ಊರಿನ ಕಸುಬಿನ ಶಾಲೆಯಲ್ಲಿ ಮರಗೆತ್ತನೆ ಕಲಿತು ಪ್ಯಾರಿಸ್ಸಿಗೆ ಹೋದವನು. ಅವನ ಊರಿನ ಮನೆಗಳ ಜಗುಲಿಗೆ ಬಡಗಿಗಳು ಕಡೆದ ಮರದ ಕಂಬಗಳಿರುತ್ತಿದ್ದವು. ಅದೇ ಕಂಬ 1918ರಲ್ಲಿ ಅವನ ಕೈಯಲ್ಲಿ ಓಕ್ ಮರದ ‘ಕೊನೆಯಿಲ್ಲದ ಕಂಬ’ವಾಯಿತು. ಮುಂದೆ 1938ರಲ್ಲಿ ತುರ್ಗು ಜಿಯು ಪಟ್ಟಣದಲ್ಲಿ, ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗಾಗಿ, ಅದು 29 ಮೀಟರಿಗೂ ಮಿಗಿಲಾದ ಲೋಹದ ಕಂಬವಾಗಿ ನಿಂತಿತು. ಒಂದೇ ಆಕಾರದ ಮಣಿಗಳು ಒಂದರ ಮೇಲೊಂದು ಏರುತ್ತ ಹೋಗಿ ತುದಿಯ ಮಣಿ ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧ ಆಕಾಶದಲ್ಲಿದೆ ಎಂದು ನೋಡುವವನ ಮನಸ್ಸೇ ಪೂರ್ತಿ ಮಾಡಿಕೊಳ್ಳುತ್ತದೆ.

ಈ ಬ್ರಾಂಕುಸಿಗೆ ನಮ್ಮ ದೇಶದ ನಂಟೂ ಇತ್ತು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರರು ಅವನಿಂದ ಒಂದು ಧ್ಯಾನಮಂದಿರ ಕಟ್ಟಿಸಬೇಕೆಂದಿದ್ದರು. ಅದಕ್ಕಾಗಿ ಅವನು ಭಾರತಕ್ಕೂ ಬಂದುಹೋದ. ಮಂದಿರ ಏಳಲಿಲ್ಲ. ಆದರೆ ಆ ಯೋಜನೆಯೊಂದಿಗೆ ಹೆಸರು ಬೆಸೆದುಕೊಂಡ, ಸುಮಾರು ಮೂರು ಮೀಟರ್ ಎತ್ತರದ ಓಕ್ ಶಿಲ್ಪವೊಂದು ಇಂದು ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯದಲ್ಲಿದೆ. ‘ರಾಜಾಧಿರಾಜ’ ಎಂದು ಈಗ ಕರೆಯಲಾಗುವ ಅದಕ್ಕೆ ಅವನು ಮೊದಲು ಇಟ್ಟುಕೊಂಡಿದ್ದ ಹೆಸರು ಬುದ್ಧನ ಚೈತನ್ಯ ಎಂಬರ್ಥದ್ದು. ಗಾಣದ ತಿರುಪಿನಂತೆ ಸುರುಳಿ ಸುತ್ತಿದ ಕತ್ತು, ಸಾಲಾಗಿ ಕೊರೆದ ಒಡಲು. ಮುಖ ಮೂಗು ಯಾವುದೂ ಇಲ್ಲದ ಬುದ್ಧ. ಕನಗನಹಳ್ಳಿಯ ಖಾಲಿ ಆಸನದ ಫಲಕ ಅವನ ಕಣ್ಣಿಗೆ ಬೀಳಲಿಲ್ಲ, ಅದಿನ್ನೂ ಮಣ್ಣೊಳಗಿತ್ತು. ಆದರೂ ಎರಡರ ಹಿಂದಿನ ಪ್ರಶ್ನೆ ಒಂದೇ.

ನಮ್ಮ ದೇಶದಲ್ಲಿ ದಿಲ್ಲಿಯ ಧನರಾಜ್ ಭಗತ್ ಮರವನ್ನು ಬಿಡದೆ ದುಡಿಸಿಕೊಂಡರು. 1963ರಲ್ಲಿ ದಿಲ್ಲಿಯಲ್ಲಿ ಪ್ರದರ್ಶನ ಮಾಡಿದ ‘ಗ್ರೂಪ್ 1890’ ಎಂಬ ಕಲಾವಿದರ ಬಳಗದಲ್ಲಿದ್ದ ಜೇರಾಂ ಪಟೇಲ್ ಪ್ಲೈವುಡ್ಡಿಗೆ ಬೆಂಕಿಯ ಜ್ವಾಲೆಯನ್ನೇ ಉಳಿಯಾಗಿ ಹಿಡಿದರು; ಸುಟ್ಟು ಕರಿಯಾದ ಗುಳಿಗಳೇ ಅವರ ಭಾಷೆ. ಕನ್ನಡದವರೂ ಹಿಂದೆ ಬಿದ್ದಿಲ್ಲ. ಕೋಟೇಶ್ವರದ ಎಲ್.ಎನ್. ತಲ್ಲೂರು ‘ಕ್ರೊಮಾಟೊಫೋಬಿಯಾ’ ಕೃತಿಯಲ್ಲಿ ದೊಡ್ಡ ಮರದ ದಿಮ್ಮಿ ಇಟ್ಟು, ಬಂದವರ ಕೈಗೆ ಸುತ್ತಿಗೆ ಕೊಟ್ಟು, ಜೇಬಿನ ನಾಣ್ಯವನ್ನು ಅದಕ್ಕೆ ಬಡಿಯಲು ಹೇಳಿದರು. ಹಣದ ಮೇಲಿನ ಆಸೆ, ಭಯ, ಹರಕೆ ಮೂರೂ ಒಂದೇ ಏಟಿನಲ್ಲಿ ಮರಕ್ಕೆ ಇಳಿಯುತ್ತವೆ. 1961ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿಯವರು 2016ರಲ್ಲಿ ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ತೋರಿಸಿದ ‘ಶೂನ್ಯ ಘರ್’ ಕೃತಿಯಲ್ಲಿ ಹಳೆಯ ಮರವನ್ನು ಮರುಬಳಸಿ ಯಾರೂ ವಾಸಿಸದ ಮನೆಯನ್ನು ಕಟ್ಟಿದರು. ಅದರ ಬೆನ್ನಿಗಿದ್ದದ್ದು ಗೋರಖನಾಥರ ಪದ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ತಮ್ಮ ಕಂಠದಿಂದ ಆ ಪದಕ್ಕೆ ಹೊಸ ಜೀವ ಕೊಟ್ಟಿದ್ದರು. ಶೂನ್ಯದ ಪದ, ಕನ್ನಡ ನೆಲದ ಗಾಯಕ, ಕನ್ನಡ ಕರಾವಳಿಯ ಶಿಲ್ಪಿ, ಕಳಚಿದ ಮರ ಇವಿಷ್ಟೂ ಒಂದು ಕಡೆ ಕೂಡಿ ಬಂದದ್ದು ದಿಲ್ಲಿಯಲ್ಲಿ. ಅಲ್ಲಮನ ಶೂನ್ಯಸಿಂಹಾಸನದ ಕಥೆ ಹೇಳುತ್ತ ಬಂದ ಕಲ್ಯಾಣದ ಸೀಮೆಯಲ್ಲಿ ಅಲ್ಲ.

ಮರವೇ ಯಾಕೆ, ಕಂಚೋ ಕಲ್ಲೋ ಸಾಲದೆ ಎಂದು ಕೇಳಬಹುದು. ಮರ ಕಡಿದ ಮೇಲೂ ಸುಮ್ಮನಿರುವ ವಸ್ತುವಲ್ಲ. ಹಸಿ ದಿಮ್ಮಿ ಒಣಗುವಾಗ ವರ್ಷದ ಉಂಗುರಗಳ ಗುಂಟ ಹೆಚ್ಚು ಕುಗ್ಗುತ್ತದೆ, ನಡುವಿನಿಂದ ಹೊರಕ್ಕೆ ಅದರ ಅರ್ಧದಷ್ಟು ಮಾತ್ರ. ಆ ಎಳೆದಾಟಕ್ಕೆ ಮರ ಬಿರಿಯುತ್ತದೆ. ಹಳೆಯ ಜಪಾನಿನ ಬುದ್ಧಮೂರ್ತಿ ಕೆತ್ತುವವರು ಇದಕ್ಕೆ ಕಂಡುಕೊಂಡ ಉಪಾಯ, ಮೂರ್ತಿಯ ಒಡಲನ್ನು ಒಳಗಿನಿಂದ ತೋಡಿ ಪೊಳ್ಳು ಮಾಡುವುದು. ಕೆಚ್ಚನ್ನು ತೆಗೆದರೆ ಮೂರ್ತಿ ಸೀಳುವುದಿಲ್ಲ. ಒಳಗಿನ ಬಯಲೇ ಹೊರಗಿನ ರೂಪವನ್ನು ಕಾಯುತ್ತದೆ! ಇದು ಯಾರೋ ತತ್ವಜ್ಞಾನಿ ಹೇಳಿದ ಮಾತಲ್ಲ, ಮರ ತಾನಾಗಿ ಕಲಿಸಿದ್ದು. ಇಂಗ್ಲೆಂಡಿನ ಬಾರ್ಬರಾ ಹೆಪ್‌ವರ್ತ್ 1946ರಲ್ಲಿ ಎಲ್ಮ್ ಮರದ ಒಂದು ಗುಂಡನ್ನು ಅಲೆಯಂತೆ ತೋಡಿ, ಒಳಮೈಗೆ ತಿಳಿಬಣ್ಣ ಹಚ್ಚಿ, ಎರಡು ತುದಿಗಳ ನಡುವೆ ತಂತಿ ಬಿಗಿದರು. ‘ಪೆಲಗೋಸ್’ ಎಂಬ ಆ ಕೃತಿಯ ಚಿತ್ರವನ್ನು ನಮ್ಮ ಭಜನಾ ಮೇಳದವರ ಮುಂದೆ ಹಿಡಿಯಿರಿ, ಏಕತಾರಿಯ ಬಳಗದ್ದು ಎಂದು ಅವರು ಗುರುತಿಸದೆ ಇರಲಾರರು. ಪೊಳ್ಳಿದ್ದರೇ ನಾದ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಇಲ್ಲೊಂದು ಕಟುವಾದ ಮಾತನ್ನೂ ಆಡಬೇಕಿದೆ. ಪ್ರದರ್ಶನಗಳಲ್ಲಿ ಕಾಣುವ ಎಷ್ಟೋ ಅಮೂರ್ತ ಮರಶಿಲ್ಪಗಳಲ್ಲಿ ತತ್ವ ಇರುವುದು ಕೆಳಗಿನ ಚೀಟಿಯಲ್ಲಿ ಮಾತ್ರ. ಬೇರಿನ ತುಂಡೊಂದನ್ನು ಉಜ್ಜಿ, ಪಾಲಿಶ್ ಹೊಡೆದು, ‘ಮೌನ’ ಎಂದೋ ‘ಅಂತರಂಗ’ ಎಂದೋ ಹೆಸರಿಟ್ಟರೆ ಅದು ದರ್ಶನವಾಗುವುದಿಲ್ಲ. ಚೀಟಿ ಕಿತ್ತು ಎಸೆದ ಮೇಲೂ ಕೆತ್ತನೆ ಮಾತಾಡಬೇಕು: ಶಿಲ್ಪಿ ಎಲ್ಲಿ ಕಡಿದ, ಎಲ್ಲಿ ಬಿಟ್ಟ, ಗಂಟು ಬಂದಲ್ಲಿ ಉಳಿ ಹೇಗೆ ತಿರುಗಿತು, ಬಿರುಕನ್ನು ಮುಚ್ಚಿದನೋ ಅದಕ್ಕೊಂದು ಸ್ಥಾನ ಕೊಟ್ಟನೋ ಎಂಬುದರಲ್ಲಿ. ಬಾಚಿ ಹಿಡಿದು ಅಭ್ಯಾಸವಿಲ್ಲದ ಕೈಗೆ ಇದು ಒಲಿಯುವುದಿಲ್ಲ. ಬಡಗಿಯನ್ನು ಬಿಟ್ಟು ಮರಶಿಲ್ಪ ಕಟ್ಟುತ್ತೇವೆ ಎಂದು ಹೊರಟರೆ ಸಿಗುವುದು ಚೀಟಿಗಳೇ.

ಹಾಗಾದರೆ ಆಗಬೇಕಾದ್ದೇನು? ದೊಡ್ಡ ಭವನವನ್ನು ನಾವು ಕೇಳುತ್ತಿಲ್ಲ. ನಮ್ಮ ದೃಶ್ಯಕಲಾ ಕಾಲೇಜುಗಳು ಒಬ್ಬೊಬ್ಬ ಹಿರಿಯ ಬಡಗಿಯನ್ನು ಉಸ್ತಾದರೆಂದು ಕರೆತಂದು, ಪದವಿ ಪತ್ರ ಕೇಳದೆ, ಅಧ್ಯಾಪಕರಿಗೆ ಕೊಡುವ ಗೌರವ ಮತ್ತು ಸಂಬಳ ಕೊಟ್ಟು ಕೂರಿಸಲಿ. ಕೂರಿಗೆ, ಬಂಡಿಯ ಗಾಲಿ, ತೇರಿನ ಅಚ್ಚು ಇವುಗಳ ಕೂಡಿಕೆಯನ್ನು ಬಿಡಿಸಿ ಜೋಡಿಸುವುದೇ ಮೊದಲ ವರ್ಷದ ಪಾಠವಾಗಲಿ. ಶರಣಬಸವೇಶ್ವರರ ತೇರು ಎಳೆಯಲು ಲಕ್ಷ ಜನ ಸೇರುವ ಊರಿನಲ್ಲಿ ತೇರಿನ ಮರಗೆಲಸ ಬಲ್ಲವರು ಮುಂದಿನ ತಲೆಮಾರಿಗೆ ಇರಬೇಕಲ್ಲವೇ?

ಮರ ಎಲ್ಲಿಂದ ತರುವುದು ಎಂಬ ಪ್ರಶ್ನೆಗೂ ಉತ್ತರ ನಮ್ಮ ರಸ್ತೆಗಳಲ್ಲೇ ಇದೆ. ರಸ್ತೆ ಅಗಲಿಸುವಾಗ ಬೇವು, ಹುಣಸೆ, ಆಲದ ಮರಗಳು ಉರುಳುತ್ತವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಪಡೆದು ಕಡಿದ ಈ ಮರಗಳು ಹರಾಜಾಗಿ ಕಟ್ಟಿಗೆ ಅಡ್ಡಾಗಳಿಗೆ, ಅಲ್ಲಿಂದ ಒಲೆಗೆ ಹೋಗುತ್ತವೆ. ನೂರು ವರ್ಷ ಈ ಊರಿಗೆ ನೆರಳು ಕೊಟ್ಟ ಹುಣಸೆಯ ಕೆಚ್ಚಿನಲ್ಲಿ ಒಂದೆರಡು ದಿಮ್ಮಿಯನ್ನಾದರೂ ಹರಾಜಿಗೆ ಮೊದಲೇ ಶಿಲ್ಪಿಗಳಿಗೆ ಎತ್ತಿಡಿ ಎಂದು ಅರಣ್ಯ ಇಲಾಖೆಗೂ ಮಹಾನಗರ ಪಾಲಿಕೆಗೂ ನಮ್ಮ ಮನವಿ. ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಕಲ್ಯಾಣದ ದಾರಿಯಲ್ಲಿರುವ ಆ ಊರಿನಲ್ಲಿ ಒಂದು ತಗಡಿನ ಶೆಡ್ಡು, ಮರ ನೆರಳಲ್ಲಿ ಒಣಗಿಸಲು ಜಾಗ, ಒಂದು ಗರಗಸದ ಯಂತ್ರ ಇವಿಷ್ಟನ್ನು ಒದಗಿಸುವುದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಭಾರವಾಗುವ ಖರ್ಚಲ್ಲ. ಸಂವಿಧಾನದ 371(ಜೆ) ಕಲಮಿಗಾಗಿ ಈ ಭಾಗದ ಜನ ದಶಕಗಳ ಕಾಲ ಹೋರಾಡಿದ್ದು ರಸ್ತೆ, ನೌಕರಿಗಳಿಗೆ ಮಾತ್ರವಲ್ಲ, ತಮ್ಮ ತಲೆಯೊಳಗಿನದಕ್ಕೂ ಕೈಯೊಳಗಿನದಕ್ಕೂ ಸಲ್ಲಬೇಕಾದ ಪಾಲಿಗಾಗಿ ಎಂದು ನಾವು ತಿಳಿದಿದ್ದೇವೆ.

2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಅಂಥ ಕಟ್ಟಡದಲ್ಲಿ ಶರಣರ ಪ್ರತಿಮೆಗಳು ಇರುತ್ತವೆ, ಇರಲಿ. ಅದರ ಒಂದು ಮೂಲೆಯನ್ನು, ಯಾವ ಮುಖವೂ ಇಲ್ಲದ ಒಂದು ಮರಶಿಲ್ಪಕ್ಕೆ ಮೀಸಲಿಡಿ. ಅದನ್ನು ಮಾಡುವ ಕೆಲಸವನ್ನು ದೂರದ ಗುತ್ತಿಗೆದಾರರಿಗೆ ವಹಿಸದೆ ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಬಡಗಿಗಳಿಗೂ ಇಲ್ಲಿ ಕಲಿತ ಕಲಾವಿದರಿಗೂ ಒಟ್ಟಾಗಿ ವಹಿಸಿ. ಅದರ ಪೀಠದ ಮೇಲೆ ಬಾಚಿಕಾಯಕದ ಬಸವಯ್ಯ ಮತ್ತು ಕಾಳವ್ವೆಯರ ಹೆಸರು ಬರೆಯಿಸಿ. ಈ ಒಂದು ಕೆಲಸ ಆಗುವವರೆಗೆ ನಮ್ಮ ಪತ್ರಿಕೆ ವರ್ಷವರ್ಷವೂ ಈ ಮಾತನ್ನು ಎತ್ತುತ್ತಲೇ ಇರುತ್ತದೆ, ಓದುಗರೂ ದನಿಗೂಡಿಸಬೇಕು.